ಹಿಂಡೆನ್‌ಬರ್ಗ್ ರೀಲಿನಲ್ಲಿ ಬೆಂಕಿ ಹೊತ್ತಿದ ಕ್ಷಣ ಎಲ್ಲಿದೆ?

ಹಳೇ ರೀಲು

ಹಿಂಡೆನ್‌ಬರ್ಗ್ ಉರಿದು ಬೀಳುವ ದೃಶ್ಯವನ್ನು ನೀವೆಲ್ಲ ಎಲ್ಲಾದರೂ ನೋಡೇ ಇರುತ್ತೀರಿ. 1937ರ ಮೇ 6. ಅಮೆರಿಕದ ನ್ಯೂಜೆರ್ಸಿಯ ಲೇಕ್‌ಹರ್ಸ್ಟ್ ನೌಕಾಪಡೆ ನೆಲೆ. 245 ಮೀಟರ್ ಉದ್ದದ ಜರ್ಮನ್ ವಾಯುನೌಕೆ, ಹೊಟ್ಟೆಯಲ್ಲಿ ಸುಮಾರು 2 ಲಕ್ಷ ಘನ ಮೀಟರ್ ಹೈಡ್ರೋಜನ್. ಒಳಗಿದ್ದವರು 97 ಜನ. ಅವರಲ್ಲಿ 35 ಮಂದಿ ಸತ್ತರು. ನೆಲದ ಮೇಲಿದ್ದ ಸಿಬ್ಬಂದಿಯಲ್ಲೂ ಒಬ್ಬರು ಹೋದರು. ಒಟ್ಟು 36.

ನನ್ನ ತಲೆ ತಿನ್ನುತ್ತಿರುವುದು ಆ ರೀಲು. ಯಾವ ಪ್ರತಿ ತೆಗೆದರೂ ಅದೇ ಕಥೆ. ನೌಕೆ ತಣ್ಣಗೆ ತೇಲುತ್ತಿದೆ. ನೆಲದವರು ಹಿಡಿದು ಇಳಿಸಿಕೊಳ್ಳುವ ಹಗ್ಗ ಕೆಳಗೆ ಬೀಳುತ್ತದೆ. ಕಟ್. ಮುಂದಿನ ಶಾಟ್‌ನಲ್ಲಿ ಬಾಲವಿಡೀ ಬೆಂಕಿ. ಹೊತ್ತಿಕೊಂಡ ಕ್ಷಣ ಮಾತ್ರ ಎಲ್ಲೂ ಇಲ್ಲ. ಅಲ್ಲಿ ಪಾಥೆ, ಮೂವಿಟೋನ್, ಪ್ಯಾರಾಮೌಂಟ್, ಹರ್ಸ್ಟ್ ಕಂಪನಿಯ ನ್ಯೂಸ್ ಆಫ್ ದಿ ಡೇ ಹೀಗೆ ನಾಲ್ಕು ನ್ಯೂಸ್‌ರೀಲ್ (ಥಿಯೇಟರ್‌ನಲ್ಲಿ ತೋರಿಸುತ್ತಿದ್ದ ವಾರ್ತಾಚಿತ್ರ) ತಂಡಗಳಿದ್ದವು. ನಾಲ್ಕಕ್ಕೂ ಅದೇ ಕ್ಷಣ ತಪ್ಪಿಹೋಗಿದೆ.

ಇನ್ನೂ ಇದೆ. ಕೆಲವು ಪ್ರತಿಗಳಲ್ಲಿ ನೌಕೆಯ ಪಕ್ಕದ ಮೇಲೆ ಒಲಿಂಪಿಕ್ಸ್‌ನ 5 ಬಳೆಗಳು ಕಾಣುತ್ತವೆ, ಮುಂದಿನ ಶಾಟ್‌ನಲ್ಲಿ ಮಾಯ. ಒಂದು ಶಾಟ್‌ನಲ್ಲಿ ಚೆನ್ನಾಗಿ ಬಿಸಿಲಿದೆ, ಇನ್ನೊಂದರಲ್ಲಿ ಮಳೆ ಮೋಡ. ಘಟನೆ ನಡೆದದ್ದು ಸಂಜೆ 7:25ಕ್ಕೆ ಅನ್ನುತ್ತಾರೆ, ಆದರೆ ಕತ್ತಲೇ ಇಲ್ಲ. ಬೆಂಕಿಗೆ 34 ಸೆಕೆಂಡ್ ಸಾಕಾಯಿತು ಅನ್ನುತ್ತಾರೆ, ಯೂಟ್ಯೂಬ್‌ನಲ್ಲಿ ನೋಡಿದರೆ ಮುಗಿಯುವುದೇ ಇಲ್ಲ. ಆ ಅಳುತ್ತಾ ಮಾತಾಡುವ ರೇಡಿಯೋ ವರದಿಗಾರನ ದನಿ ಚಿತ್ರಕ್ಕೆ ಕೂಡುವುದೂ ಇಲ್ಲ.

ಒಂದೊಂದಾಗಿ ಬಿಡಿಸೋಣ ಅಂತ ಈ ಎಳೆ ಶುರು ಮಾಡಿದ್ದೇನೆ. ಗೊತ್ತಿರುವವರು ಬನ್ನಿ.

ಕರಾವಳಿ ಕಾಗೆ

ನಾಲ್ಕು ಕ್ಯಾಮೆರಾವೂ ಒಟ್ಟಿಗೆ ಅದೇ ಕ್ಷಣಕ್ಕೆ ಕಣ್ಣು ಮುಚ್ಚುವುದುಂಟಾ ಮಾರಾಯ್ರೆ? ಯಾರೋ ಕತ್ತರಿ ಹಾಕಿದ್ದಾರೆ. ಬಾಲದ ಮೇಲೆ ಹಿಟ್ಲರ್‌ನ ಸ್ವಸ್ತಿಕ ಇದ್ದ ನೌಕೆ. ಬಾಂಬ್ ಇಟ್ಟದ್ದು ಕಾಣಬಾರದು ಅಂತ ಎರಡೂ ಸರ್ಕಾರ ಸೇರಿ ಕೆಲಸ ಮುಗಿಸಿರಬೇಕು. ನನಗಂತೂ ಬೇರೆ ಏನೂ ತೋಚುವುದಿಲ್ಲ.

ಮೂವಿಯೋಲ

ಕಾಗೆ ಸರ್, ಕತ್ತರಿ ಹಾಕುವುದೇ ನನ್ನ ಕೆಲಸವಾಗಿತ್ತು. ಡಿಜಿಟಲ್ ಬರುವ ಮೊದಲು ಎಡಿಟಿಂಗ್ ರೂಮಿನಲ್ಲಿ ತುಂಬಾ ವರ್ಷ ಕೂತವನು ನಾನು. ಅದಕ್ಕೇ ಹೇಳುತ್ತೇನೆ, ಇಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಆ ಕ್ಷಣವನ್ನು ಯಾರೂ ತೆಗೆದೇ ಇಲ್ಲ.

ನ್ಯೂಸ್‌ರೀಲ್ ಕ್ಯಾಮೆರಾಮನ್ ಮೊಬೈಲ್ ಹಿಡಿದು ನಿಂತ ಮದುವೆ ಮನೆಯ ಹುಡುಗನಲ್ಲ. ಅವನ ಕೈಯಲ್ಲಿರುವುದು 35 ಎಂಎಂ ಫಿಲ್ಮ್. ಕೈಯಲ್ಲಿ ಹಿಡಿಯುವ ಕ್ಯಾಮೆರಾಗೆ 100 ಅಡಿ ರೀಲು ಹಾಕಿದರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಒಂದು ನಿಮಿಷದ ಮೇಲೆ ಸ್ವಲ್ಪ ಓಡುತ್ತದೆ, ಅಷ್ಟೇ. ಅದರಲ್ಲೂ ನಡುವೆ ನಿಲ್ಲಿಸಿ ಮತ್ತೆ ಕೀ ಕೊಡಬೇಕು. ಸ್ಟ್ಯಾಂಡ್ ಮೇಲಿನ ದೊಡ್ಡ ಕ್ಯಾಮೆರಾದಲ್ಲಿ ಜಾಸ್ತಿ ಫಿಲ್ಮ್ ಹಿಡಿಯುತ್ತಿತ್ತು ನಿಜ. ಹಾಗಂತ ಯಾರೂ ಸುಮ್ನೆ ಓಡಿಸುತ್ತಾ ಕೂರುತ್ತಿರಲಿಲ್ಲ. ಒಂದು ವಾರ್ತೆಗೆ ಥಿಯೇಟರ್‌ನಲ್ಲಿ ಸಿಗುವುದೇ ಒಂದೆರಡು ನಿಮಿಷ.

ಈಗ ಅವತ್ತಿನ ಪರಿಸ್ಥಿತಿ ಯೋಚಿಸಿ. 1936ರಲ್ಲಿ ಇದೇ ನೌಕೆ ಅಮೆರಿಕಕ್ಕೆ 10 ಸಲ ಬಂದು ಹೋಗಿತ್ತು. ಇಳಿಯುವುದು ಹೊಸ ಸುದ್ದಿಯೇ ಅಲ್ಲ. 1937ರ ಮೊದಲ ಅಮೆರಿಕ ಪ್ರಯಾಣ ಅನ್ನುವುದೊಂದೇ ವಿಶೇಷ. ಬೆಳಗ್ಗೆ ಬರಬೇಕಿದ್ದದ್ದು ಎದುರುಗಾಳಿಯಿಂದ ತಡವಾಯಿತು. ಬಂದ ಮೇಲೂ ಗುಡುಗು ಮಳೆ ಅಂತ ಸಂಜೆವರೆಗೆ ಆ ಕಡೆ ಈ ಕಡೆ ಸುತ್ತಾಡಿತು. ಕ್ಯಾಮೆರಾದವರೆಲ್ಲ ನೆನೆದು ಕಾದು ಸುಸ್ತು. ಬರುತ್ತಿರುವ ನೌಕೆಯ ಒಂದು ಶಾಟ್ ಆಯಿತು. ಹಗ್ಗ ಬಿದ್ದದ್ದು ಆಯಿತು. ಇನ್ನು ಹಗ್ಗ ಹಿಡಿಯುವವರು, ಆಮೇಲೆ ಕೈ ಬೀಸುತ್ತಾ ಇಳಿಯುವ ಪ್ರಯಾಣಿಕರು. ಆ ನಡುವೆ ಯಾರೇ ಆದರೂ ಬಟನ್‌ನಿಂದ ಬೆರಳು ತೆಗೆಯುತ್ತಾರೆ. ನಾನಾದರೂ ತೆಗೆಯುತ್ತಿದ್ದೆ.

ಇನ್ನೊಂದು ವಿಷಯ. ನೌಕೆಯ ಅಡ್ಡಗಲವೇ 41 ಮೀಟರ್. ಬೆಂಕಿ ಮೊದಲು ಕಂಡದ್ದು ಬಾಲದ ಹತ್ತಿರ, ಮೇಲಿನ ರೆಕ್ಕೆಯ ಮುಂದೆ. ಕ್ಯಾಮೆರಾಗಳು ಕೆಳಗೆ, ಎಲ್ಲರ ಗಮನ ಮೂಗು ಮತ್ತು ಹಗ್ಗದ ಕಡೆ. ಕ್ಯಾಮೆರಾ ಓಡುತ್ತಿದ್ದರೂ ಮೇಲ್ಬೆನ್ನಿನ ಮೊದಲ ಕಿಡಿ ಕೆಳಗಿನಿಂದ ಕಾಣುವುದು ಅನುಮಾನ.

ಬೆಣ್ಣೆ ದೋಸೆ

ಒಲಿಂಪಿಕ್ ಬಳೆ ಕಥೆ ಏನು? ನಾನೂ ಆ ವಿಡಿಯೋ ನೋಡಿದ್ದೇನೆ. ಕೆಳಗೆ ಕಾಮೆಂಟ್‌ನಲ್ಲಿ ‘ಎರಡು ನೌಕೆ ಇತ್ತು, ಒಂದನ್ನು ಬಚ್ಚಿಟ್ಟರು’ ಅಂತ ಜಗಳವೋ ಜಗಳ.

ಹಳೇ ರೀಲು

ಅದಕ್ಕೆ ಉತ್ತರ ಸಲೀಸು. ಬರ್ಲಿನ್ ಒಲಿಂಪಿಕ್ಸ್ ನಡೆದದ್ದು 1936ರಲ್ಲಿ. ಆ ಬೇಸಿಗೆಯಲ್ಲಿ ಪ್ರಚಾರಕ್ಕೆ ನೌಕೆಯ ಪಕ್ಕಕ್ಕೆ ಬಳೆ ಬರೆದಿದ್ದರು. 1937ರ ಮೇನಲ್ಲಿ ಅವು ಇರಲಿಲ್ಲ. ಅಂದರೆ ಬಳೆ ಕಂಡರೆ ಅದು ಹಿಂದಿನ ವರ್ಷದ ಶಾಟ್. ಬಿಸಿಲಿನಲ್ಲಿ ಇಳಿಯುವ ಶಾಟ್‌ಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಕಂಪನಿಗಳ ಗೋದಾಮಿನಲ್ಲಿ 1936ರ ಸ್ಟಾಕ್ ಇತ್ತು, ಆಮೇಲೆ ಬಂದ ಸಾಕ್ಷ್ಯಚಿತ್ರದವರು ಬೇಕಾದಲ್ಲಿ ಅಂಟಿಸಿಕೊಂಡರು.

ಕಿಟಕಿ ನೋಡಿಯೂ ಹೇಳಬಹುದು. 1936–37ರ ಚಳಿಗಾಲದಲ್ಲಿ ಕೆಳ ಅಂತಸ್ತಿನಲ್ಲಿ ಹೊಸ ಕೋಣೆಗಳನ್ನು ಸೇರಿಸಿದರು. 50 ಪ್ರಯಾಣಿಕರ ಜಾಗ 72ಕ್ಕೆ ಏರಿತು. ಹೊಸ ಕೋಣೆಗಳಿಗೆ ಕಿಟಕಿಯೂ ಬಂತು. ಪ್ರಿಂಟ್ ಸ್ಪಷ್ಟವಾಗಿದ್ದರೆ ಆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಕಿರಿಕಿರಿ ಇನ್ನೊಂದು. 1975ರಲ್ಲಿ ಹಾಲಿವುಡ್‌ನಲ್ಲಿ ಈ ಘಟನೆ ಮೇಲೆ ಒಂದು ದೊಡ್ಡ ಸಿನಿಮಾ ಬಂತು. ಅದರ ಕೊನೆಯಲ್ಲಿ ಬಣ್ಣ ಹೋಗಿ ಕಪ್ಪು ಬಿಳುಪಾಗುತ್ತದೆ. ನಿಜವಾದ ರೀಲಿನ ನಡುನಡುವೆ ನಟರು ಓಡುವ, ಬೀಳುವ ಶಾಟ್ ಸೇರಿಸಿದ್ದಾರೆ. ಆ ತುಣುಕುಗಳು ಈಗ ಹೆಸರಿಲ್ಲದೆ ತಿರುಗಾಡುತ್ತಿವೆ. ನೌಕೆಯ ಒಳಗೆ ಬೆಂಕಿ, ಉರಿಯುವ ಮೆಟ್ಟಿಲು ಎಲ್ಲ ನೀಟಾಗಿ ಚೌಕಟ್ಟಿನೊಳಗೆ ಕಂಡರೆ ಅದು ಸಿನಿಮಾ. ನಿಜದ ರೀಲಿನಲ್ಲಿ ಒಳಗಿನ ಒಂದೇ ಒಂದು ಫ್ರೇಮ್ ಇಲ್ಲ.

ಎಡಿಸನ್‌ವಾಸಿ

ಬೆಳಕಿನ ವಿಷಯ ನಾನು ಹೇಳುತ್ತೇನೆ, ಇಲ್ಲೇ ನ್ಯೂಜೆರ್ಸಿಯಲ್ಲಿ ಇದ್ದೇನೆ. ಊರಿನ ಲೆಕ್ಕದಲ್ಲಿ 7:25 ಅಂದರೆ ದೀಪ ಹಚ್ಚಿಯಾಗಿರುತ್ತದೆ. ಇಲ್ಲಿ ಮೇ ತಿಂಗಳ ಮೊದಲ ವಾರ ಸೂರ್ಯ ಮುಳುಗುವುದೇ 8 ಗಂಟೆ ಹೊತ್ತಿಗೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರಲ್ಲ, ಅದರ ಫಲ. ಅದಕ್ಕೇ ಅಮೆರಿಕದ ವಾಣಿಜ್ಯ ಇಲಾಖೆಯ ತನಿಖಾ ವರದಿ ತೆರೆದರೆ ಸಮಯ 6:25 ಎಂದಿದೆ. ಅವರು ಬದಲಿಸದ ಗಡಿಯಾರದ ಪ್ರಕಾರ ಬರೆದರು, ಪತ್ರಿಕೆಗಳು ಊರ ಗಡಿಯಾರದ ಪ್ರಕಾರ. ‘ಒಂದು ಗಂಟೆ ಕಾಣೆಯಾಗಿದೆ’ ಅಂತ ಬರೆದವರನ್ನೂ ನೋಡಿದ್ದೇನೆ, ನಗು ಬಂತು.

ಮೋಡ ಇದ್ದದ್ದರಿಂದ ಆಕಾಶ ಬೂದು. ಬೆಂಕಿ ಹೊತ್ತಿದ ಕೂಡಲೇ ಅದರ ಬೆಳಕು ಫಿಲ್ಮ್‌ಗೆ ಜಾಸ್ತಿಯಾಗಿ ಸುತ್ತಲಿನದೆಲ್ಲ ಇನ್ನೂ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಮುಂಚಿನ ಶಾಟ್ ಹಗಲು, ಆಮೇಲಿನದು ರಾತ್ರಿ ಅನ್ನಿಸುತ್ತದೆ.

ಆ ಜಾಗಕ್ಕೆ ಹೋಗಿದ್ದೇನೆ. ಈಗ ಅದು ಮ್ಯಾಕ್‌ಗ್ವಾಯರ್–ಡಿಕ್ಸ್–ಲೇಕ್‌ಹರ್ಸ್ಟ್ ಜಂಟಿ ಸೇನಾ ನೆಲೆಯ ಒಳಗಿದೆ. ಮುಂಚೆಯೇ ಹೆಸರು ಕೊಟ್ಟು ಪ್ರವಾಸದ ಗುಂಪಿನಲ್ಲಿ ಹೋಗಬೇಕು. ನೌಕೆ ಬಿದ್ದಲ್ಲಿ ನೆಲದ ಮೇಲೆ ಸರಪಳಿಯಿಂದ ಗುರುತು ಹಾಕಿದ್ದಾರೆ. ವಾಯುನೌಕೆ ನಿಲ್ಲಿಸುತ್ತಿದ್ದ ಹಳೇ ಕಟ್ಟಡ, 1ನೇ ಹ್ಯಾಂಗರ್, ಇನ್ನೂ ನಿಂತಿದೆ. ಅಲ್ಲಿ ನಿಂತಾಗ ತಟ್ಟುವುದು ಬಯಲಿನ ಅಗಲ. ರೀಲಿನಲ್ಲಿ ನೌಕೆ ಚೌಕಟ್ಟು ತುಂಬಿರುವುದರಿಂದ ಎಲ್ಲ ಮೈಮೇಲೆ ನಡೆದಂತೆ ಕಾಣುತ್ತದೆ. ನಿಜದಲ್ಲಿ ಮೂಗಿನ ಹತ್ತಿರ ನಿಂತವನಿಗೆ ಬಾಲ ಕಾಲು ಕಿಲೋಮೀಟರ್ ದೂರ.

ಲ್ಯಾಬ್ ಟೀಚರ್

ಎಲ್ಲರೂ 34 ಸೆಕೆಂಡ್ ಅನ್ನುತ್ತಿದ್ದೀರಿ. ಆ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ದೀರಾ? ನನ್ನ ಪ್ರಕಾರ ಈ ಇಡೀ ವಿಷಯದ ತಿರುಳು ಇದೇ.

ಪುಸ್ತಕಗಳಲ್ಲಿ 32 ಇದೆ, 34 ಇದೆ, 37 ಇದೆ. ಮೂರೂ ಅಂದಾಜು. ಮೂಗು ನೆಲಕ್ಕೆ ಬಡಿದ ಕೊನೆಯ ಕ್ಷಣ ರೀಲಿನಲ್ಲಿದೆ. ಅಲ್ಲಿಂದ ಹಿಂದಕ್ಕೆ ಎಣಿಸಬಹುದು. ಆದರೆ ಯಾವ ಕ್ಷಣದವರೆಗೆ? ಶುರುವೇ ಫಿಲ್ಮ್‌ನಲ್ಲಿ ಇಲ್ಲವಲ್ಲ! ಸಿಕ್ಕಿರುವ ಅತಿ ಉದ್ದದ ಶಾಟ್‌ನ ಕಾಲ ತೆಗೆದುಕೊಂಡು, ಅದಕ್ಕೆ ಕಣ್ಣಾರೆ ಕಂಡವರ ನೆನಪನ್ನು ಕೂಡಿಸಿ ಈ ಸಂಖ್ಯೆ ಮಾಡಿದ್ದಾರೆ. ಅಂದರೆ ಅದರ ಒಂದು ಭಾಗವನ್ನು ಎಣಿಸಿದ್ದಾರೆ, ಇನ್ನೊಂದು ಭಾಗವನ್ನು ಊಹಿಸಿದ್ದಾರೆ. ನಾವು ಮಾತ್ರ ಸ್ಟಾಪ್‌ವಾಚ್ ಹಿಡಿದು ಅಳೆದವರ ಹಾಗೆ ಹೇಳುತ್ತೇವೆ.

34 ಸೆಕೆಂಡ್ ಅಂದರೆ 24ರ ಲೆಕ್ಕದಲ್ಲಿ 816 ಫ್ರೇಮ್. ಅದರಲ್ಲಿ ಒಂದಷ್ಟು ಯಾವ ರೀಲಿನಲ್ಲೂ ಇಲ್ಲ. ಬೆಂಕಿಗೆ ಕಾರಣ ಇದ್ದದ್ದು ಸರಿಯಾಗಿ ಅದೇ ಫ್ರೇಮ್‌ಗಳಲ್ಲಿ.

ಯೂಟ್ಯೂಬ್‌ನಲ್ಲಿ ಜಾಸ್ತಿ ಹೊತ್ತು ಉರಿಯುವುದಕ್ಕೆ ಮೂವಿಯೋಲ ಸರ್ ಉತ್ತರ ಕೊಡಬಹುದು.

ಮೂವಿಯೋಲ

ಸರಿಯಾಗಿ ಹೇಳಿದಿರಿ ಮೇಡಂ. ಉದ್ದದ ಕಾರಣ ಇಷ್ಟೇ. ಪಾಥೆಯವರ ಶಾಟ್‌ನಲ್ಲಿ ನೌಕೆ ಬೀಳುತ್ತದೆ. ಅದರ ಪಕ್ಕಕ್ಕೆ ಇನ್ನೊಬ್ಬರ ಶಾಟ್ ಅಂಟಿಸಿದರೆ ಮತ್ತೊಮ್ಮೆ ಬೀಳುತ್ತದೆ. ಮೂರನೆಯದು ಸೇರಿಸಿದರೆ ಮೂರನೇ ಸಲ. ನೋಡುವವರಿಗೆ ಅದು ಮುಂದುವರಿದ ಒಂದೇ ಬೆಂಕಿ. ಕೆಲವರು ನಿಧಾನಗತಿಯನ್ನೂ ಸೇರಿಸುತ್ತಾರೆ. ಹೊಗೆಯ ಆಕಾರ ಮತ್ತು ನೌಕೆ ಎಷ್ಟು ಓರೆಯಾಗಿದೆ ಅನ್ನುವುದನ್ನು ಗಮನಿಸಿದರೆ ಎಲ್ಲಿ ಹಿಂದಕ್ಕೆ ಹೋದರು ಅಂತ ಹಿಡಿಯಬಹುದು. ಮೊದಲು ಬಾಲ ಇಳಿಯುತ್ತದೆ, ಮೂಗು ಮೇಲಕ್ಕೇಳುತ್ತದೆ, ಮೂಗಿನ ತುದಿಯಿಂದ ಜ್ವಾಲೆ ಚಿಮ್ಮುತ್ತದೆ, ಆಮೇಲೆ ಮೂಗು ಕೆಳಗೆ. ಈ ಕ್ರಮ ತಪ್ಪಿದ ಜಾಗದಲ್ಲೆಲ್ಲ ಜೋಡಣೆ ಇದೆ ಅಂತ ತಿಳಿಯಿರಿ.

ಎಡಬಲ ತಿರುಗಿದ ಪ್ರತಿಗಳೂ ಇವೆ. ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದರೆ ಹಾಗಾಗುತ್ತದೆ. ನಮ್ಮಲ್ಲೂ ಆಗಿದೆ, ಹೀರೋ ಒಂದು ಶಾಟ್‌ನಲ್ಲಿ ಎಡಗೈಗೆ ವಾಚ್, ಮುಂದಿನದರಲ್ಲಿ ಬಲಗೈಗೆ.

ಸ್ತಬ್ಧಚಿತ್ರಗಳನ್ನು ಮರೆಯಬೇಡಿ. ಎಪಿ ಸುದ್ದಿಸಂಸ್ಥೆಯ ಮರ್ರೆ ಬೆಕರ್ ತೆಗೆದ ಒಂದು ಫೋಟೋದಲ್ಲಿ ಬಾಲ ಉರಿಯುತ್ತಿದೆ, ಆದರೆ ನೌಕೆ ಇನ್ನೂ ಮಟ್ಟವಾಗಿದೆ. ಸ್ಯಾಮ್ ಶೇರ್ ತೆಗೆದದ್ದು ಎಲ್ಲರೂ ನೋಡಿರುವ ಫೋಟೋ. ಅಂಥ ದೊಡ್ಡ ಕ್ಯಾಮೆರಾದಲ್ಲಿ ಒಂದು ಚಿತ್ರವಾದ ಮೇಲೆ ಫಿಲ್ಮ್ ಬದಲಿಸಿಯೇ ಇನ್ನೊಂದು. ಈ ಫೋಟೋಗಳನ್ನು ರೀಲಿನ ಫ್ರೇಮ್‌ಗಳ ಪಕ್ಕ ಇಟ್ಟರೆ ಕ್ರಮ ಎಷ್ಟೋ ತಿಳಿಯಾಗುತ್ತದೆ.

ಕರಾವಳಿ ಕಾಗೆ

ಆಯಿತು, ಕ್ಯಾಮೆರಾ ನಿಂತಿತ್ತು ಅಂತಲೇ ಇಟ್ಟುಕೊಳ್ಳುವ. ದನಿಯ ಕಥೆ ಏನು? ಆ ವರದಿಗಾರ ಅಲ್ಲೇ ನಿಂತು ನೇರ ಪ್ರಸಾರ ಮಾಡುತ್ತಿದ್ದನಲ್ಲ? ಚಿತ್ರ ಇಲ್ಲದಿದ್ದರೆ ದನಿಯಲ್ಲಾದರೂ ಮೊದಲ ಕ್ಷಣ ಇರಬೇಕು.

ಮೂವಿಯೋಲ

ನೇರ ಪ್ರಸಾರ ಅಲ್ಲ ಸರ್. ಹರ್ಬರ್ಟ್ ಮಾರಿಸನ್ ಷಿಕಾಗೋದ ಡಬ್ಲ್ಯುಎಲ್‌ಎಸ್ ಕೇಂದ್ರದವರು. ಜೊತೆಗಿದ್ದವರು ಎಂಜಿನಿಯರ್ ಚಾರ್ಲ್ಸ್ ನೆಲ್ಸನ್. ಇಬ್ಬರೂ ಧ್ವನಿಯನ್ನು ಲ್ಯಾಕರ್ ತಟ್ಟೆಗಳ (ಅಲ್ಯೂಮಿನಿಯಂ ಮೇಲೆ ಮೆತ್ತನೆ ಲೇಪ ಬಳಿದ ರೆಕಾರ್ಡು) ಮೇಲೆ ಮುದ್ರಿಸಿಕೊಳ್ಳುತ್ತಿದ್ದರು. ಅದು ಪ್ರಸಾರವಾದದ್ದು ಮರುದಿನ. ಮುದ್ರಿಸಿದ ಧ್ವನಿಯನ್ನು ಹಾಕುವುದಿಲ್ಲ ಅನ್ನುತ್ತಿದ್ದ ಎನ್‌ಬಿಸಿ ರೇಡಿಯೋ ಜಾಲ ತನ್ನ ನಿಯಮ ಸಡಿಲಿಸಿ ದೇಶಕ್ಕೆಲ್ಲ ಕೇಳಿಸಿತು. ಮಾರಿಸನ್‌ಗೂ ನ್ಯೂಸ್‌ರೀಲ್ ತಂಡಗಳಿಗೂ ಸಂಬಂಧವೇ ಇಲ್ಲ. ಅವರ ದನಿಯನ್ನು ಚಿತ್ರಕ್ಕೆ ಜೋಡಿಸಿದ್ದು ಆಮೇಲಿನವರು. ಹಾಗಾಗಿ ಸಿಂಕ್ ಹುಡುಕುವುದೇ ವ್ಯರ್ಥ.

ದನಿಯಲ್ಲೂ ಎರಡು ವಿಚಿತ್ರ ಇವೆ. ಹಳೇ ಧ್ವನಿಮುದ್ರಣಗಳ ತಜ್ಞ ಮೈಕಲ್ ಬೀಲ್ ಮೂಲ ತಟ್ಟೆಗಳನ್ನು ಪರೀಕ್ಷಿಸಿದ್ದರು. ಸ್ಫೋಟದ ಜಾಗಕ್ಕೆ ಬಂದಾಗ ಕೊರೆಯುವ ಮೊಳೆ ಲ್ಯಾಕರ್ ಒಳಗೆ ಆಳಕ್ಕೆ ಇಳಿದಿದೆ. ನೆಲ್ಸನ್ ಅದನ್ನು ಎತ್ತಿ ಮತ್ತೆ ಇಟ್ಟಿದ್ದಾರೆ. ಅಡಿಯ ಅಲ್ಯೂಮಿನಿಯಂವರೆಗೆ ಕೊರೆದಿದ್ದರೆ ಮುಂದಿನ ಮಾತು ಒಂದೂ ಉಳಿಯುತ್ತಿರಲಿಲ್ಲ. ನೋಡಿ, ಚಿತ್ರ ಕೈಕೊಟ್ಟಲ್ಲೇ ದನಿಯೂ ಸ್ವಲ್ಪ ಎಡವಿದೆ. ಆ ತಟ್ಟೆ ಇಟ್ಟುಕೊಂಡು ಸೆಕೆಂಡ್ ಲೆಕ್ಕ ಹಾಕಲು ಹೋದರೆ ಸರಿಯಾಗಿ ಅಲ್ಲೇ ಸಿಕ್ಕಿಬೀಳುತ್ತೇವೆ.

ಎರಡನೆಯದು ವೇಗ. ಮುದ್ರಿಸುವಾಗ ಯಂತ್ರ ಸ್ವಲ್ಪ ನಿಧಾನ ತಿರುಗಿದೆ. ಸರಿಯಾದ ವೇಗದಲ್ಲಿ ಹಾಕಿದಾಗ ಮಾರಿಸನ್ ದನಿ ಕೀರಲಾಗಿ, ಅವಸರವಾಗಿ ಕೇಳುತ್ತದೆ. ಅವರ ನಿಜವಾದ ದನಿ ಗಡುಸು. ಚೀರಾಡಿಬಿಟ್ಟರು ಅಂತ ಜನ ಆಡಿಕೊಳ್ಳುವುದರಲ್ಲಿ ಒಂದು ಪಾಲು ಯಂತ್ರದ್ದು. ಪಾಪ.

ಒಂದು ಉಪಯೋಗ ಇದೆ. ಬೆಂಕಿಗೆ ಸ್ವಲ್ಪ ಮೊದಲು ಅವರು ಹಗ್ಗ ಬಿದ್ದದ್ದು, ಮಳೆ ಮತ್ತೆ ಶುರುವಾದದ್ದು, ಹಿಂದಿನ ಎಂಜಿನ್‌ಗಳು ನೌಕೆಯನ್ನು ಹಿಡಿದು ನಿಲ್ಲಿಸಿರುವುದು ಎಲ್ಲ ಹೇಳುತ್ತಾರೆ. ಆ ವಾಕ್ಯ ಮುಗಿಯುವ ಮೊದಲೇ ‘ಬೆಂಕಿ ಹೊತ್ತಿಕೊಂಡಿತು’ ಅನ್ನುತ್ತಾರೆ.

ಬೆಣ್ಣೆ ದೋಸೆ

ಹಾಗಾದರೆ ಬೆಂಕಿಯ ಚಟಪಟ ಸದ್ದು, ಜನರ ಕಿರುಚಾಟ?

ಮೂವಿಯೋಲ

ಈಗಿನ ಪ್ರತಿಗಳಲ್ಲಿ ಕೇಳುವುದು ಬಹುಪಾಲು ಸ್ಟುಡಿಯೋ ಮಾಲು ಗುರು. ಸಂಗೀತವೂ ಅಷ್ಟೇ.

ಲ್ಯಾಬ್ ಟೀಚರ್

ಈಗ ಕಾಗೆಯವರ ಬಾಂಬ್‌ಗೆ ಬರೋಣ. ರೀಲು ಹೇಳದೆ ಬಿಟ್ಟದ್ದನ್ನು ಹೇಳಬಲ್ಲ ಸಾಕ್ಷಿ ಬೇರೆ ಇದೆ. ಕೆಳಗಿನ ಬಾಲದ ರೆಕ್ಕೆಯ ಒಳಗೆ ನಾಲ್ಕು ಸಿಬ್ಬಂದಿ ಇದ್ದರು. ಬೆಂಕಿಗೆ ಅತಿ ಹತ್ತಿರ ಇದ್ದವರು ಅವರೇ, ಆಶ್ಚರ್ಯ ಅಂದರೆ ನಾಲ್ವರೂ ಬದುಕಿದರು. ಅವರಲ್ಲಿ ಹೆಲ್ಮುಟ್ ಲೌ ಎಂಬುವರು ತಲೆ ಎತ್ತಿ ನೋಡಿದಾಗ 4ನೇ ಅನಿಲ ಚೀಲದ ಒಳಗೆ ಬೆಳಕು ಕಂಡಿತು. ನೆಲದ ಮೇಲಿದ್ದ ಕೆಲವರು ಮೇಲ್ಭಾಗದ ಹೊದಿಕೆ ಪಟಪಟ ಅಲುಗಾಡಿದ್ದನ್ನು ಕಂಡೆವು ಅಂದರು, ಅನಿಲ ಸೋರುತ್ತಿದ್ದರೆ ಹಾಗಾಗಬಹುದು. ತನಿಖೆ ನಿಂತಿರುವುದು ಇಂಥ ಮಾತುಗಳ ಮೇಲೆ.

ಅಮೆರಿಕದ ತನಿಖೆ, ಜರ್ಮನ್ನರ ತನಿಖೆ ಎರಡೂ ಸೋರಿದ ಹೈಡ್ರೋಜನ್ನಿಗೆ ವಿದ್ಯುತ್ ಕಿಡಿ ತಗಲಿರಬೇಕು ಅನ್ನುವ ಕಡೆಗೆ ವಾಲಿದವು. ವಿಧ್ವಂಸಕ ಕೃತ್ಯಕ್ಕೆ ಪುರಾವೆ ಸಿಗಲಿಲ್ಲ. ಇಳಿಯುವ ಮೊದಲು ನೌಕೆಯ ಬಾಲ ಭಾರವಾಗಿತ್ತು, ಮಟ್ಟ ಮಾಡಲು ನೀರು ಸುರಿದರು, 6 ಸಿಬ್ಬಂದಿಯನ್ನು ಮೂಗಿನ ಕಡೆ ಕಳಿಸಿದರು. ಗಾಳಿ ದಿಕ್ಕು ಬದಲಿಸಿದ್ದಕ್ಕೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಿರುಸಾಗಿ ತಿರುಗಿಸಿದರು. ಆ ತಿರುವಿನಲ್ಲಿ ಒಳಗಿನ ತಂತಿ ತುಂಡಾಗಿ ಚೀಲ ಸೀಳಿರಬಹುದು ಅಂತ ಜರ್ಮನಿಯ ವಾಯುನೌಕೆ ಕಂಪನಿಯ ಮುಖ್ಯಸ್ಥ ಹ್ಯೂಗೊ ಎಕನರ್ ಹೇಳಿದರು. ನ್ಯೂಸ್‌ರೀಲಿನಲ್ಲಿ ಆ ತಿರುವು ಪೂರ್ತಿಯಾಗಿ ಇಲ್ಲ. ಬೆಂಕಿಯ ಮೊದಲ ಕ್ಷಣಕ್ಕಿಂತ ಈ ಕೊರತೆಯೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ನೋಡಲು ರೋಚಕ ಅಲ್ಲವಲ್ಲ.

ಕರಾವಳಿ ಕಾಗೆ

ಬಾಂಬ್ ಇಟ್ಟವನ ಹೆಸರೇ ಪುಸ್ತಕದಲ್ಲಿ ಬಂದಿದೆಯಲ್ಲ ಮೇಡಂ?

ಹಳೇ ರೀಲು

ಬಂದಿದೆ. 1960ರ ದಶಕದಲ್ಲಿ ಒಬ್ಬ ಸಿಬ್ಬಂದಿಯ ಮೇಲೆ ಬೆರಳು ತೋರಿಸಿದರು. ಅವರು ಆ ಬೆಂಕಿಯಲ್ಲೇ ಸತ್ತವರು, ಎದ್ದು ಬಂದು ಅಲ್ಲ ಅನ್ನುವಂತಿಲ್ಲ. ಗಟ್ಟಿ ಪುರಾವೆ ಒಂದೂ ಇಲ್ಲ. ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಇನ್ನೊಬ್ಬರ ಮೇಲೂ ಅನುಮಾನ ಬಿತ್ತು, ಅವರ ಕಥೆ ನಮ್ಮ ವಿಷಯಕ್ಕೆ ತೀರಾ ಹತ್ತಿರ. ಜೋಸೆಫ್ ಶ್ಪೇ, ರಂಗದ ಮೇಲೆ ಕಸರತ್ತು ಮಾಡಿ ನಗಿಸುವ ಕಲಾವಿದ. ಸಾಮಾನಿನ ಜಾಗದಲ್ಲಿ ಅವರ ನಾಯಿ ಇತ್ತು, ಅದನ್ನು ನೋಡಲು ಹೋಗಿ ಬರುತ್ತಿದ್ದರು. ಅಷ್ಟಕ್ಕೇ ಎಫ್‌ಬಿಐ ಅವರ ಹಿಂದೆ ಬಿತ್ತು, ಏನೂ ಸಿಗಲಿಲ್ಲ. ಈ ಶ್ಪೇ ಇಳಿಯುವ ಹೊತ್ತಿಗೆ ಕಿಟಕಿಯಿಂದ ತಮ್ಮ ಸ್ವಂತ ಮೂವಿ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಿದ್ದರು! ಬೆಂಕಿ ಗೊತ್ತಾದ ಕೂಡಲೇ ಅದೇ ಕ್ಯಾಮೆರಾದಿಂದ ಗಾಜು ಒಡೆದು ಹೊರಗೆ ಜೋತುಬಿದ್ದು ಹಾರಿದರು. ಬದುಕಿದರು. ರೀಲೂ ಉಳಿಯಿತು. ಆದರೆ ಒಳಗಿನಿಂದ ಹೊರಗೆ ನೋಡುವ ಕಿಟಕಿ ಅದು. ತಲೆಯ ಮೇಲೆ ಹಿಂದೆ ಏನಾಗುತ್ತಿದೆ ಅಂತ ಅದಕ್ಕೆ ಕಾಣುವುದು ಹೇಗೆ?

ಎಡಿಸನ್‌ವಾಸಿ

ಐದನೇ ರೀಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಹೆರಾಲ್ಡ್ ಶೆಂಕ್ ಅನ್ನುವ ಹವ್ಯಾಸಿ ಅವತ್ತು ತಮ್ಮ 8 ಎಂಎಂ ಕ್ಯಾಮೆರಾದಲ್ಲಿ ತೆಗೆದದ್ದು. ಆಗಿನ ತನಿಖೆಗೆ ಅದು ಬಳಕೆಯಾಗಲಿಲ್ಲ. ಮನೆಯವರ ಹತ್ತಿರವೇ ಇತ್ತು. ಆಮೇಲೆ ವಾಯುನೌಕೆಗಳ ಇತಿಹಾಸಕಾರ ಡ್ಯಾನ್ ಗ್ರಾಸ್‌ಮನ್ ಕೈಗೆ ಬಂತು. 2021ರಲ್ಲಿ ಪಿಬಿಎಸ್ ವಾಹಿನಿಯಲ್ಲಿ ತೋರಿಸಿದರು.

ಅದು ನ್ಯೂಸ್‌ರೀಲಿನಂತೆ ಮೂಗಿಗೆ ಅಂಟಿಕೊಂಡಿಲ್ಲ. ದೂರದಿಂದ, ಪಕ್ಕದಿಂದ ತೆಗೆದದ್ದು, ಇಡೀ ನೌಕೆ ಚೌಕಟ್ಟಿನೊಳಗಿದೆ. ಬೆಂಕಿಗೆ ಮುಂಚಿನ ಹಗ್ಗಗಳೂ ಕಾಣುತ್ತವೆ. ಹಾಗಿದ್ದರೂ ಕಿಡಿ ಹೊತ್ತಿದ ಕ್ಷಣ ಅದರಲ್ಲೂ ಇಲ್ಲ. ಕಾಗೆಯವರೇ, ಈ ಮನುಷ್ಯನಿಗೆ ಯಾವ ಕಂಪನಿಯೂ ಇಲ್ಲ, ಸರ್ಕಾರವೂ ಇಲ್ಲ. ಅವರ ಕ್ಯಾಮೆರಾದಲ್ಲೂ ಅದೇ ತೂತು.

ಲ್ಯಾಬ್ ಟೀಚರ್

ಆ ಹಗ್ಗ ಮುಖ್ಯ. 7:21ಕ್ಕೆ ಹಗ್ಗ ಬಿತ್ತು, 7:25ಕ್ಕೆ ಬೆಂಕಿ. ಒದ್ದೆ ಹಗ್ಗದ ಮೂಲಕ ನೌಕೆಯ ಚೌಕಟ್ಟು ನೆಲಕ್ಕೆ ತಾಗಿದ ಕೂಡಲೇ ಕಿಡಿ ಹಾರಬೇಕಲ್ಲ, 4 ನಿಮಿಷ ಯಾಕೆ ಕಾಯಿತು ಅನ್ನುವುದು ಹಳೇ ಪ್ರಶ್ನೆ. ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಗಿಯಾಪಿಸ್ ಇದಕ್ಕೆ ಪ್ರಯೋಗ ಮಾಡಿದರು. ಹೊರಗಿನ ಬಣ್ಣ ಬಳಿದ ಬಟ್ಟೆ ಮತ್ತು ಒಳಗಿನ ಲೋಹದ ಚೌಕಟ್ಟಿನ ನಡುವೆ ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಚೌಕಟ್ಟು ನೆಲಕ್ಕೆ ತಾಗಿದ ಮೇಲೂ ಬಟ್ಟೆಯ ಮೇಲೆ ವಿದ್ಯುತ್ ತುಂಬುತ್ತಲೇ ಹೋಗಿ, ಆಮೇಲೆ ಕಿಡಿ ಹಾರುವಷ್ಟಾಗುತ್ತದೆ ಅನ್ನುವುದು ಅವರ ವಿವರಣೆ. ತಡಕ್ಕೆ ಅದು ಹೊಂದುತ್ತದೆ. ಅನಿಲ ಯಾಕೆ ಸೋರಿತು ಅನ್ನುವುದಕ್ಕೆ ಅದು ಉತ್ತರ ಅಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ನ್ಯೂಸ್‌ರೀಲುಗಳೆಲ್ಲ ಕಪ್ಪು ಬಿಳುಪು. ಈಗ ಓಡಾಡುವ ಕಿತ್ತಳೆ ಬೆಂಕಿ ಯಾರದೋ ಕಂಪ್ಯೂಟರ್ ಬಳಿದದ್ದು. ಹೈಡ್ರೋಜನ್ ಜ್ವಾಲೆ ಬರಿಗಣ್ಣಿಗೆ ಹೆಚ್ಚು ಕಡಿಮೆ ಕಾಣುವುದೇ ಇಲ್ಲ. ಕಾಣುವುದು ಅದರ ಜೊತೆ ಉರಿಯುವ ಬಟ್ಟೆ, ಚೀಲ, ಡೀಸೆಲ್. 1990ರ ದಶಕದಲ್ಲಿ ನಾಸಾದಲ್ಲಿದ್ದ ಆಡಿಸನ್ ಬೇನ್ ತಪ್ಪು ಹೈಡ್ರೋಜನ್ನಿನದಲ್ಲ, ಹೊದಿಕೆಗೆ ಬಳಿದ ಬಣ್ಣದ್ದು ಅಂದರು. ಅಷ್ಟು ಬೇಗ ಆ ಬಣ್ಣ ಉರಿಯುವುದಿಲ್ಲ ಅಂತ ಬೇರೆ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಕಂಪ್ಯೂಟರ್ ಬಳಿದ ಬಣ್ಣ ನೋಡಿ ಈ ಜಗಳಕ್ಕೆ ತೀರ್ಪು ಕೊಡುವವರನ್ನು ಕಂಡರೆ ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹಳೇ ರೀಲು

ಒಂದು ಅಡ್ಡ ಮಾತು. ಇದೇ ನ್ಯೂಜೆರ್ಸಿ ಕರಾವಳಿಯಲ್ಲಿ 1933ರ ಏಪ್ರಿಲ್‌ನಲ್ಲಿ ಅಮೆರಿಕದ ಆಕ್ರಾನ್ ವಾಯುನೌಕೆ ಸಮುದ್ರಕ್ಕೆ ಬಿತ್ತು. 73 ಜನ ಸತ್ತರು, ಹಿಂಡೆನ್‌ಬರ್ಗ್‌ನ ಎರಡು ಪಟ್ಟು. 1930ರಲ್ಲಿ ಬ್ರಿಟಿಷರ ಆರ್ 101 ಆಗಿನ ಇಂಡಿಯಾದ ಕರಾಚಿಗೆ ಹೊರಟಿತ್ತು. ಅದಕ್ಕಾಗಿ ಕರಾಚಿಯಲ್ಲಿ ಭಾರಿ ಹ್ಯಾಂಗರ್ ಕಟ್ಟಿ ಕಾಯುತ್ತಿದ್ದರು. ಫ್ರಾನ್ಸಿನ ಬೊವೆ ಹತ್ತಿರ ಬಿದ್ದು 48 ಜನ ಹೋದರು. ಎರಡೂ ನಡೆದದ್ದು ರಾತ್ರಿ. ಬೀಳುವುದನ್ನು ತೆಗೆದ ಕ್ಯಾಮೆರಾ ಇಲ್ಲ. ಇವತ್ತು ಆ ಹೆಸರು ಯಾರಿಗೆ ನೆನಪಿದೆ? ಹಿಂಡೆನ್‌ಬರ್ಗ್‌ನಲ್ಲಿ 62 ಜನ ಬದುಕಿದರು ಅಂತ ಹೇಳಿದರೆ ಮಾತ್ರ ಜನ ನಂಬುವುದಿಲ್ಲ. ಆ ರೀಲು ನೋಡಿದವರಿಗೆ ಒಬ್ಬರೂ ಉಳಿದಿರಲಾರರು ಅನ್ನಿಸುತ್ತದೆ.

ಬೆಣ್ಣೆ ದೋಸೆ

ನಿಜ, ನಾನೂ ಎಲ್ಲರೂ ಹೋದರು ಅಂದುಕೊಂಡಿದ್ದೆ. ಇದಕ್ಕೆ ಒರಿಜಿನಲ್ ಅನ್ನುವ ಒಂದು ಪ್ರತಿ ಇಲ್ಲವಾ? ಕತ್ತರಿಸದೆ, ಅಂಟಿಸದೆ ಇರುವುದು?

ಮೂವಿಯೋಲ

ಒಂದೇ ಒರಿಜಿನಲ್ ಇಲ್ಲ ಗುರು. ನಾಲ್ಕು ಕಂಪನಿ, ನಾಲ್ಕು ನೆಗೆಟಿವ್. ಥಿಯೇಟರ್‌ಗೆ ಹೋದದ್ದು ಕತ್ತರಿಸಿದ ಪ್ರತಿ. ಕಂಪನಿಗಳು ಒಂದೊಂದೇ ಮುಚ್ಚಿದ ಮೇಲೆ ಸಂಗ್ರಹಗಳು ಚದುರಿದವು. ಹರ್ಸ್ಟ್ ಅವರದು ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಹೋಯಿತು. ಆ ಕಾಲದ ಫಿಲ್ಮ್ ನೈಟ್ರೇಟ್, ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ. 1978ರಲ್ಲಿ ಮೇರಿಲ್ಯಾಂಡ್‌ನ ಸೂಟ್‌ಲ್ಯಾಂಡ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಗೋದಾಮಿಗೇ ಬೆಂಕಿ ಬಿದ್ದು ಯೂನಿವರ್ಸಲ್ ಅನ್ನುವ ಇನ್ನೊಂದು ನ್ಯೂಸ್‌ರೀಲ್ ಕಂಪನಿಯ ಬಳಸದೆ ಉಳಿದಿದ್ದ ಎಷ್ಟೋ ಫಿಲ್ಮ್ ಹೋಯಿತು. ಹಳೇ ನ್ಯೂಸ್‌ರೀಲಿನಲ್ಲಿ ಏನೋ ಕಾಣೆ ಅಂದ ಕೂಡಲೇ ಪಿತೂರಿ ಅನ್ನುವವರು ಇಂಥದ್ದನ್ನೂ ತಿಳಿದಿರಬೇಕು.

1997ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಈ ಹಿಂಡೆನ್‌ಬರ್ಗ್ ದೃಶ್ಯವನ್ನು ಸೇರಿಸಿದರು.

ಯೂನಿವರ್ಸಲ್‌ನವರು ಥಿಯೇಟರ್‌ಗೆ ಬಿಟ್ಟ ಪ್ರತಿ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಇದೆ. ಅದರಿಂದ ಶುರು ಮಾಡಿ. ದನಿ ಆಫ್ ಮಾಡಿ ನೋಡಿ, ಜೋಡಣೆಗಳು ಕಣ್ಣಿಗೆ ಹೊಡೆಯುತ್ತವೆ.

ಕರಾವಳಿ ಕಾಗೆ

ಕತ್ತರಿ ವಿಷಯ ಬಿಟ್ಟೆ, ಒಪ್ಪಿದೆ. ಐದನೇ ಕ್ಯಾಮೆರಾ ನನ್ನ ಬಾಯಿ ಮುಚ್ಚಿಸಿತು. ಬಾಂಬ್ ವಿಷಯ ಇನ್ನೂ ಪೂರ್ತಿ ಬಿಟ್ಟಿಲ್ಲ ಮಾರಾಯ್ರೆ. ಆ ನಾಲ್ಕು ಜನ ಬಾಲದಲ್ಲಿ ಇದ್ದವರ ಹೇಳಿಕೆ ಪೂರ್ತಿ ಎಲ್ಲಾದರೂ ಓದಲು ಸಿಗುತ್ತದಾ?

ಲ್ಯಾಬ್ ಟೀಚರ್

ವಾಣಿಜ್ಯ ಇಲಾಖೆಯ ವರದಿಯಲ್ಲಿ ಸಾರಾಂಶ ಇದೆ, ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಓದುವಾಗ ಒಂದು ನೆನಪಿಡಿ, ಅದರಲ್ಲಿ ಸಮಯವೆಲ್ಲ ಒಂದು ಗಂಟೆ ಹಿಂದಿದೆ. 4ನೇ ಚೀಲ, 5ನೇ ಚೀಲ ಅಂತ ಬಂದಾಗ ಬಾಲದ ಕಡೆಯಿಂದ ಎಣಿಸಿ. ಓದಿ ಮುಗಿಸಿದ ಮೇಲೆ ಇಲ್ಲಿಗೇ ಬನ್ನಿ, ಜಗಳ ಮುಂದುವರಿಸೋಣ.